ಗೃಹಸ್ಥರೊಡನೆ ಎರಡು ಮಾತು: ಪಿ.ಯು. ಕಡೆಯ ವರ್ಷ

ಬೇಸಿಗೆಯ ರಜೆಯು ನಡೆದಿದೆ. ಪಿ.ಯು. ಮೊದಲನೆಯ ವರ್ಷವನ್ನು ಮುಗಿಸಿದ ಹುಡುಗ ಹುಡುಗಿಯರು ಅಜ್ಜನ ಮನೆಯ ಜಗುಲಿಯಲ್ಲಿ ಮಾವಿನ ಹಣ್ಣು ತಿನ್ನುತ್ತ ಹಾಯಾಗಿರುವರು. ಅವರ ತಂದೆತಾಯಿಗಳು ಮಾತ್ರ ಹಾಯಾಗಿಲ್ಲ. ಬರುವುದು ಕಡೆಯ ವರ್ಷ. ಅದರ ತುದಿಯಲ್ಲಿ ಬೋರ್ಡಿನ ಪರೀಕ್ಷೆ, ಅದರ ಬೆನ್ನಿಗೆ ಸಿ.ಇ.ಟಿ., ಅದರಾಚೆ ಕಾಲೇಜಿನ ಪ್ರವೇಶ. ಈ ಚಿಂತೆಯಿಂದ ಎಷ್ಟೋ ಮನೆಗಳಲ್ಲಿ ಹಿರಿಯರ ಮುಖಗಳು ಈಗಲೇ ಬಾಡಿವೆ. ಈ ತಿಂಗಳ ನಮ್ಮ ಮಾತು ಅವರಿಗಾಗಿ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆವು. ಈ ವರ್ಷದಲ್ಲಿ ಮನೆಯೊಳಗೆ ಮೂರು ಕೆಲಸಗಳುಂಟು: ಓದುವುದು, ಕಾಗದಪತ್ರಗಳನ್ನು ಅಣಿಮಾಡುವುದು, ಮುಂದಿನ ದಾರಿಯನ್ನು ಆರಿಸುವುದು. ಮೊದಲನೆಯದು ಮಗುವಿನದು, ಎರಡನೆಯದು ಹಿರಿಯರದು, ಮೂರನೆಯದನ್ನು ಇಬ್ಬರೂ ಕುಳಿತು ವಿಚಾರಿಸತಕ್ಕದ್ದು, ಆದರೆ ಕಡೆಯ ಮಾತು ಮಗುವಿನದಾಗಿರತಕ್ಕದ್ದು. ನಡೆಯುವುದೋ ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಹಿರಿಯರು ಓದಿನಲ್ಲಿ ತಲೆಹಾಕುವರು, ಕಾಗದಕ್ಕಾಗಿ ಮಗುವನ್ನು ಓಡಿಸುವರು, ದಾರಿಯನ್ನು ತಾವೇ ಗೊತ್ತುಮಾಡುವರು.

ಪರರ ಮನೆಯನ್ನು ನೋಡಿ ನಾವು ಹೀಗೆ ಆಡುತ್ತಿಲ್ಲ. ಕೆಲವು ವರ್ಷಗಳ ಕೆಳಗೆ ನಮ್ಮ ತಮ್ಮನ ಮಗಳು ಪಿ.ಯು. ಎರಡನೆಯ ವರ್ಷದಲ್ಲಿದ್ದಳು. ಜಾತಿ, ಆದಾಯಗಳ ಪ್ರಮಾಣಪತ್ರಗಳು ಪೆಟ್ಟಿಗೆಯಲ್ಲಿವೆಯೆಂದು ನಾವೆಲ್ಲ ನಿಶ್ಚಿಂತರಾಗಿದ್ದೆವು. ಸಿ.ಇ.ಟಿ. ಅರ್ಜಿಯನ್ನು ತುಂಬಲು ಕುಳಿತಾಗ ಅದು ಪ್ರಮಾಣಪತ್ರದ ಆರ್.ಡಿ. ಸಂಖ್ಯೆಯನ್ನು ಕೇಳಿತು. ಪೆಟ್ಟಿಗೆಯಲ್ಲಿದ್ದುದು ಹಳೆಯ ಕಾಲದ ಕೈಬರಹದ ಪತ್ರ. ಅದರಲ್ಲಿ ಸಂಖ್ಯೆಯೇ ಇಲ್ಲ. ಮೇಲಾಗಿ ಅದರಲ್ಲಿದ್ದ ಹೆಸರಿನ ಇನಿಷಿಯಲ್ ಒಂದು, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿದ್ದುದು ಇನ್ನೊಂದು. ತಮ್ಮನಿಗೆ ರಜೆ ದೊರೆಯಲಿಲ್ಲ, ನಾವು ಊರಿನಲ್ಲಿರಲಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯ ವಾರದಲ್ಲಿ ಆ ಹುಡುಗಿಯೇ ಎರಡು ದಿನ ನಾಡಕಚೇರಿಯ ಸಾಲಿನಲ್ಲಿ ಭೌತಶಾಸ್ತ್ರದ ಪುಸ್ತಕವನ್ನು ಹಿಡಿದು ನಿಂತಳು. ಪತ್ರವು ದೊರೆಯಿತು, ಭೌತಶಾಸ್ತ್ರದ ಅಂಕಗಳು ದೊರೆಯಲಿಲ್ಲ. ಅವಳು ಯಾರನ್ನೂ ದೂರಲಿಲ್ಲ. ತಪ್ಪು ಕಚೇರಿಯದಲ್ಲ, ಹತ್ತು ತಿಂಗಳು ಸುಮ್ಮನಿದ್ದ ನಮ್ಮದು.

ಆದಕಾರಣ ಹಿರಿಯರು ಈ ರಜೆಯಲ್ಲಿಯೇ ಒಂದು ಸಂಜೆ ಕುಳಿತು, ಮಗುವಿನ ಮತ್ತು ತಂದೆತಾಯಿಗಳ ಹೆಸರುಗಳು ಅಂಕಪಟ್ಟಿ, ಆಧಾರ್, ಜಾತಿ ಮತ್ತು ಆದಾಯ ಪತ್ರಗಳಲ್ಲಿ ಅಕ್ಷರಶಃ ಒಂದೇ ಆಗಿವೆಯೆ ಎಂದು ನೋಡತಕ್ಕದ್ದು. ವ್ಯತ್ಯಾಸವಿದ್ದರೆ ತಿದ್ದಿಸಲು ಈಗ ಕಾಲವುಂಟು, ಜನವರಿಯಲ್ಲಿಲ್ಲ. ಶಾಲೆಗಳು ತೆರೆದ ಕೂಡಲೆ ವ್ಯಾಸಂಗ ಪ್ರಮಾಣಪತ್ರಗಳನ್ನು ಪಡೆಯಿರಿ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮಾಂತರದಲ್ಲಿ ಓದಿದವರಿಗೂ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಪ್ರತ್ಯೇಕ ಮೀಸಲಾತಿಗಳುಂಟು. ಗ್ರಾಮೀಣ ವ್ಯಾಸಂಗದ ಪತ್ರಕ್ಕೆ ಮುಖ್ಯೋಪಾಧ್ಯಾಯರ ರುಜುವಿನೊಡನೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜುವೂ ಬೇಕು. ಕಲ್ಯಾಣ ಕರ್ನಾಟಕದವರು 371(ಜೆ) ಪತ್ರವನ್ನು ಮರೆಯಕೂಡದು. ಹಳ್ಳಿಯ ಶಾಲೆಯಲ್ಲಿ ಹತ್ತು ವರ್ಷ ಓದಿಯೂ ಒಂದು ರುಜುವಿಲ್ಲದೆ ಆ ಸೌಲಭ್ಯವನ್ನು ಕಳೆದುಕೊಳ್ಳುವುದು ಎಂಥ ಅನ್ಯಾಯ!

ಇನ್ನು ಓದಿನ ವಿಷಯ. ಸಿ.ಇ.ಟಿ. ಒಂದೇ ಸಾಕೆಂದು ಕಾಲೇಜಿನ ಪಾಠವನ್ನು ಅಲಕ್ಷ್ಯ ಮಾಡುವವರುಂಟು. ಇಂಜಿನಿಯರಿಂಗ್ ಶ್ರೇಯಾಂಕದಲ್ಲಿ ಅರ್ಧ ಭಾಗವು ಪಿ.ಯು. ಎರಡನೆಯ ವರ್ಷದ ಭೌತ, ರಸಾಯನ, ಗಣಿತಗಳ ಅಂಕಗಳಿಂದಲೂ ಉಳಿದರ್ಧವು ಸಿ.ಇ.ಟಿ.ಯಿಂದಲೂ ಬರುವುದು. ಸಿ.ಇ.ಟಿ.ಯಲ್ಲಿ ಪ್ರತಿಯೊಂದು ವಿಷಯಕ್ಕೂ 80 ನಿಮಿಷಗಳಲ್ಲಿ 60 ಪ್ರಶ್ನೆಗಳು. ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲ. ವೈದ್ಯಕೀಯಕ್ಕೆ ಬರೆಯುವ ನೀಟ್ ಪರೀಕ್ಷೆಯಲ್ಲಿಯಾದರೋ ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕದ ಕಡಿತ. ಒಂದರಲ್ಲಿ ಯಾವುದನ್ನೂ ಬಿಡದೆ ಗುರುತಿಸಬೇಕು, ಇನ್ನೊಂದರಲ್ಲಿ ತಿಳಿಯದುದನ್ನು ಬಿಡಲು ಕಲಿಯಬೇಕು. 2025ರಲ್ಲಿ ಪಿ.ಯು. ಮೊದಲ ಪರೀಕ್ಷೆಯು ಮಾರ್ಚ್ 20ಕ್ಕೆ ಮುಗಿಯಿತು, ಸಿ.ಇ.ಟಿ.ಯು ಏಪ್ರಿಲ್ 16 ಮತ್ತು 17ರಂದು, ನೀಟ್ ಮೇ 4ರಂದು ನಡೆದವು. ನಡುವಿನ ನಾಲ್ಕು ವಾರಗಳಲ್ಲಿ ಹೊಸದನ್ನು ಕಲಿಯಲಾಗದು, ಕಲಿತುದನ್ನು ಚುರುಕುಗೊಳಿಸಬಹುದು ಅಷ್ಟೆ. ಹೀಗಿರಲು ದಿನದಿನದ ಪಾಠವನ್ನು ದಿನದಿನವೇ ಓದುವುದೇ ರಾಜಮಾರ್ಗ. ಒಂದು ಪರೀಕ್ಷೆ ಕೆಟ್ಟಿತೆಂದು ಎದೆಗುಂದಬೇಕಾಗಿಯೂ ಇಲ್ಲ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪಿ.ಯು. ಪರೀಕ್ಷೆಗಳನ್ನು ಬರೆಯಲು ಅವಕಾಶವಿದ್ದು, ಬಂದುದರಲ್ಲಿ ಉತ್ತಮವಾದ ಅಂಕವನ್ನು ಉಳಿಸಿಕೊಳ್ಳಬಹುದು.

ಓದುವ ಮಗುವಿಗೆ ಮನೆಯವರು ಕೊಡಬಹುದಾದ ಸಹಾಯವು ಅಲ್ಪ, ಆದರೆ ಅಮೂಲ್ಯ: ಹೊತ್ತಿಗೆ ಸರಿಯಾಗಿ ಊಟ, ರಾತ್ರಿ ನಿದ್ರೆ, ಕೂಗಾಟವಿಲ್ಲದ ಒಂದು ಮೂಲೆ. ನೆರೆಮನೆಯ ಹುಡುಗನ ಅಂಕಗಳನ್ನು ಊಟದ ಎಲೆಯ ಮುಂದೆ ಎತ್ತದಿರುವುದೂ ಸಹಾಯವೇ.

ಮೂರನೆಯದು ಆಯ್ಕೆ. ಶ್ರೇಯಾಂಕವು ಬಂದ ಮೇಲೆ ಬೇಕಾದ ಕಾಲೇಜು, ಕೋರ್ಸುಗಳನ್ನು ಕ್ರಮವಾಗಿ ಒಂದು ಪಟ್ಟಿಯಲ್ಲಿ ನಮೂದಿಸಬೇಕು. ಶ್ರೇಯಾಂಕಕ್ಕೆ ದೊರೆಯಬಹುದಾದವುಗಳಲ್ಲಿ ಪಟ್ಟಿಯ ಮೇಲ್ತುದಿಗೆ ಹತ್ತಿರವಾದುದೇ ಹಂಚಿಕೆಯಾಗುವುದು. ಆದ್ದರಿಂದ ದೊರೆತೀತೆ ಎಂಬ ಅಳುಕಿನಿಂದ ಮೆಚ್ಚಿನದನ್ನು ಕೆಳಗಿಡಬಾರದು, ಮೇಲಿಟ್ಟರೆ ನಷ್ಟವಿಲ್ಲ. ಸೀಟು ಬಂದ ಬಳಿಕ ನಾಲ್ಕು ದಾರಿಗಳು: ಒಪ್ಪಿ ಸೇರುವುದು, ಒಪ್ಪಿಯೂ ಮೇಲಿನದಕ್ಕಾಗಿ ಮುಂದಿನ ಸುತ್ತಿಗೆ ಕಾಯುವುದು, ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿಯಾಗಿ ಹೊರಬರುವುದು. ಎರಡನೆಯದನ್ನು ಆರಿಸಿದವರು ಒಂದು ಮಾತನ್ನು ತಿಳಿದಿರಬೇಕು: ಮೇಲಿನದು ದೊರೆತರೆ ಕೈಯಲ್ಲಿದ್ದುದು ತಾನಾಗಿ ಹೋಗುವುದು. ಮನಸ್ಸಿಲ್ಲದ ಹೆಸರನ್ನು ಪಟ್ಟಿಯಲ್ಲಿ ಬರೆಯಬಾರದೆಂಬುದು ಇದಕ್ಕಾಗಿಯೇ.

ನಮ್ಮ ತಮ್ಮನು ಈ ಪಟ್ಟಿಯನ್ನು ರಾತ್ರಿಯೆಲ್ಲ ಕುಳಿತು ತಾನೇ ಬರೆದಿದ್ದನು. ಮೊದಲ ಇಪ್ಪತ್ತು ಹೆಸರುಗಳೂ ಕಂಪ್ಯೂಟರ್ ಸೈನ್ಸ್. ಹುಡುಗಿ ಸುಮ್ಮನಿದ್ದಳು. ಬೆಳಗ್ಗೆ ಕಾಫಿ ಕೊಡಲು ಬಂದ ನಮ್ಮ ತಾಯಿಯವರು, “ಅವಳಿಗೇನು ಬೇಕೆಂದು ಯಾರಾದರೂ ಕೇಳಿದಿರೇನಪ್ಪ?” ಎಂದರು. ಯಾರೂ ಕೇಳಿರಲಿಲ್ಲ.

“ನನಗೆ ಕೃಷಿ ವಿಜ್ಞಾನ ಓದಬೇಕು, ದೊಡ್ಡಪ್ಪ,” ಎಂದಳು. ಅವಳು ಹೇಳಿದ್ದು ತಂದೆಗಲ್ಲ, ನಮಗೆ. ಅದನ್ನು ಕೇಳಿ ತಮ್ಮನಿಗೆ ನೋವಾಯಿತೆಂದು ಅವನ ಮುಖವೇ ಹೇಳಿತು. ಅವನು ಬಹಳ ಹೊತ್ತು ವಾದಿಸಿದನು. ಕೊನೆಗೆ ಪಟ್ಟಿಯನ್ನು ಅವಳ ಕೈಗೆ ಕೊಟ್ಟನು. ಅವಳ ಎರಡನೆಯ ಆಯ್ಕೆಯು ದೊರೆಯಿತು. ಅವಳು ಮುಂದೆ ಏನು ಸಂಪಾದಿಸುವಳೆಂಬ ಅನುಮಾನವು ಅವನನ್ನು ಇಂದಿಗೂ ಬಿಟ್ಟಿಲ್ಲ. ಆದರೆ ರಜೆಗೆ ಬಂದಾಗ ಅವಳು ಈಗ ಅವನೊಡನೆಯೇ ಮೊದಲು ಮಾತನಾಡುವಳು.

ಗೃಹಸ್ಥರೇ, ಪರೀಕ್ಷೆಗಳು ಮುಂದಿನ ವರ್ಷವೂ ಇರುವುವು, ಕಾಲೇಜುಗಳೂ ಇರುವುವು. ಹದಿನೇಳರ ಮಗುವು ತನ್ನ ಮನಸ್ಸಿನ ಮಾತನ್ನು ನಮಗೆ ಹೇಳುವ ಕಾಲವು ಬಲು ಕಿರಿದು. ಕಾಗದದ ಪೆಟ್ಟಿಗೆಯನ್ನು ಈ ವಾರವೇ ತೆರೆಯಿರಿ. ಆ ಪ್ರಶ್ನೆಯನ್ನು ಇಂದೇ ಕೇಳಿರಿ.