ಕೇಬಲ್ ಗುಂಡಿ ತೋಡಿದೋರ ಮಕ್ಕಳು ಸಿಗ್ನಲ್ ಓದಬಾರದಾ?



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲೂಕಿನ ನಮ್ಮ ಕೇರಿಗಳಲ್ಲಿ ಈಗ ಬಿಇ ಮುಗಿಸಿದ ಹುಡುಗ ಹುಡುಗೀರು ಇದ್ದಾರೆ. ಹಡಗಲಿಯಲ್ಲೇ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ. ಹೊಸಪೇಟೆ, ಬಳ್ಳಾರಿ, ದಾವಣಗೆರೆಗೆ ಹೋಗಿ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಓದಿದೋರೂ ಇದ್ದಾರೆ. ಓದು ಮುಗಿದ ಮೇಲೆ ಮನೇಲಿ ಬರೋ ಮಾತು ಒಂದೇ: "ಓದಿದ್ದು ಸಾಕು, ಬೆಂಗಳೂರಿಗೆ ಹೋಗಿ ಏನಾರ ಕೆಲಸ ನೋಡಪ್ಪ." ಅಪ್ಪ-ಅವ್ವನ ಮೇಲೆ ಯಾರೂ ತಪ್ಪು ಹೊರಿಸಬ್ಯಾಡ್ರಿ. ಕಾಫಿ ತೋಟಕ್ಕೆ, ಕಟ್ಟಡದ ಕೆಲಸಕ್ಕೆ ಗುಳೆ ಹೋಗಿ ಸಾಲ ತೀರಿಸೋ ಮನೆಗೆ ಎರಡು ವರ್ಷ ಅಂದ್ರೆ ಎರಡು ವರ್ಷದ ದುಡಿಮೆ.

ಆದ್ರೂ ಇವತ್ತು ಒಂದು ಎಂಟೆಕ್ ಬಗ್ಗೆ ಹೇಳ್ಬೇಕು. ಕಮ್ಯುನಿಕೇಷನ್ ಮತ್ತು ಸಿಗ್ನಲ್ ಪ್ರೊಸೆಸಿಂಗ್. ಹೆಸರು ಕೇಳಿ ಹೆದರಬೇಕಾಗಿಲ್ಲ. ಹಡಗಲಿ ತಾಲೂಕಿನ ಮೈಲಾರದ ಕಾರ್ಣಿಕ ನೀವು ನೋಡಿರ್ತೀರಿ. ಲಕ್ಷಾಂತರ ಜನರ ಗದ್ದಲ. ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಅಂತ ಕೂಗಿದ ಕೂಡ್ಲೆ ಎಲ್ಲಾ ಸ್ತಬ್ಧ. ಆಮೇಲೆ ಬರೋ ಒಂದೇ ಒಂದು ಸಾಲು ಎಲ್ಲರಿಗೂ ಮುಟ್ಟಬೇಕು. ಅಷ್ಟು ಗದ್ದಲದೊಳಗೆ ಬೇಕಾದ ಮಾತನ್ನ ಬೇರ್ಪಡಿಸಿ, ದೂರ ಇರೋರಿಗೆ ಕೆಡದಂಗೆ ಮುಟ್ಟಿಸೋದು ಹೆಂಗೆ ಅಂತ ಲೆಕ್ಕ ಹಾಕೋ ವಿದ್ಯೆ ಇದು. ಮೈಲಾರದಲ್ಲಿ ಜನಾನೇ ಸುಮ್ಮನಾಗ್ತಾರೆ, ಗಾಳೀಲಿ ಗದ್ದಲ ಸುಮ್ಮನಾಗಲ್ಲ. ಅದಕ್ಕೇ ಗಣಿತ ಬೇಕು. ಫೋನಿನಲ್ಲಿ ಮಾತಾಡಿದ್ರೆ ದನೀನ ಸೆಕೆಂಡಿಗೆ 8,000 ಸಲ ಅಳೆದು ಅಂಕಿ ಮಾಡಿ ಕಳಿಸೋದು ಹಳೇ ಟೆಲಿಫೋನ್ ಕಾಲದಿಂದ ನಡೆದು ಬಂದ ಕ್ರಮ. 4ಜಿ, 5ಜಿ, ಇಸಿಜಿ, ರೇಡಾರ್, ಮಾತು ಕೇಳಿ ಬರೆಯೋ ಮೊಬೈಲ್, ಎಲ್ಲದರ ಬುಡದಲ್ಲೂ ಇದೇ ಗಣಿತ ಇದೆ.

ಈ ವಿದ್ಯೆಯ ದೊಡ್ಡ ಹೆಸರು ಫೋರಿಯರ್. 1768ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ದರ್ಜಿಯ ಮಗ. ಚಿಕ್ಕ ವಯಸ್ಸಲ್ಲೇ ಅಪ್ಪ-ಅವ್ವ ಇಬ್ಬರೂ ತೀರಿಕೊಂಡ್ರು. ಕುಲೀನ ಮನೆತನದವನಲ್ಲ ಅಂತ ಸೈನ್ಯದ ತಾಂತ್ರಿಕ ದಳದ ಬಾಗಿಲು ಆತನಿಗೆ ಮುಚ್ಚಿತ್ತು. ಇವತ್ತು ಜಗತ್ತಿನ ಯಾವ ಸಿಗ್ನಲ್ ಪುಸ್ತಕ ತೆಗೆದರೂ ಆತನ ಹೆಸರಿಲ್ಲದೆ ಮುಂದಕ್ಕೆ ಹೋಗಲ್ಲ. "ನಿಮ್ಮೋರಿಗೆ ಗಣಿತ ಹತ್ತಲ್ಲ" ಅನ್ನೋರಿಗೆ ಈ ಕಥೆ ಹೇಳ್ರಿ.

ನಮ್ಮ ಮಕ್ಕಳನ್ನ ತಡೀತಿರೋದು ಗಣಿತ ಅಲ್ವೇ ಅಲ್ಲ, ಹಣ ಮತ್ತು ಮಾಹಿತಿ. ಲೆಕ್ಕ ನೋಡ್ರಿ.

ಎಂಟೆಕ್‌ಗೆ ಕರ್ನಾಟಕದಲ್ಲಿ ಎರಡು ಬಾಗಿಲು. ಒಂದು ಗೇಟ್, ಇನ್ನೊಂದು ಕೆಇಎ ನಡೆಸೋ ಪಿಜಿಸಿಇಟಿ. ಗೇಟ್ ಪಾಸಾಗಿ ಎಐಸಿಟಿಇ ಮಾನ್ಯತೆಯ ಕಾಲೇಜಿಗೆ ಫುಲ್‌ಟೈಮ್ ಸೇರಿದ್ರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್, 24 ತಿಂಗಳವರೆಗೆ. ಬರೀ ಪಿಜಿಸಿಇಟಿ ಬರೆದು ಸೇರಿದೋರಿಗೆ ಅದಿಲ್ಲ. ಅವರ ಪಾಲಿಗೆ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ. ಕೇಂದ್ರದ 2021ರ ಮಾರ್ಗಸೂಚಿ ಪ್ರಕಾರ ಹಾಸ್ಟೆಲ್‌ನಲ್ಲಿ ಇರೋ ಎಸ್‌ಸಿ ವಿದ್ಯಾರ್ಥಿಗೆ ನಿರ್ವಹಣಾ ಭತ್ಯೆ 13,500. ತಿಂಗಳಿಗಲ್ಲ, ವರ್ಷಕ್ಕೆ! ಒಂದೇ ಕ್ಲಾಸು, ಒಂದೇ ಲ್ಯಾಬು, ಅಕ್ಕಪಕ್ಕದ ಬೆಂಚು. ಒಬ್ಬನಿಗೆ ತಿಂಗಳಿಗೆ ಬರೋದು ಇನ್ನೊಬ್ಬನಿಗೆ ಹೆಚ್ಚುಕಮ್ಮಿ ವರ್ಷಕ್ಕೆ ಬರುತ್ತೆ.

ಯಾರು ಗೇಟ್ ಬರೀತಾರೆ? ಮೂರನೇ ವರ್ಷದಲ್ಲೇ ಹೇಳಿಕೊಡೋ ಅಣ್ಣ-ಅಕ್ಕ ಇರೋ ಮನೆಯವರು. ಕೋಚಿಂಗ್‌ಗೆ ದುಡ್ಡು ಕಟ್ಟೋರು. ನಮ್ಮ ಹುಡುಗ್ರಿಗೆ ಗೇಟ್ ಅನ್ನೋ ಪದ ಕಿವಿಗೆ ಬೀಳೋ ಹೊತ್ತಿಗೆ ಅರ್ಜಿ ಹಾಕೋ ದಿನ ಮುಗಿದಿರುತ್ತೆ. ಅದಕ್ಕೇ ಇಲ್ಲೇ ಬರೀತೀನಿ, ಕೇರಿ ಕೇರಿಗೆ ಮುಟ್ಟಿಸ್ರಿ. ಬಿಇ ಮೂರನೇ ವರ್ಷದಲ್ಲೇ ಗೇಟ್ ಬರೀಬಹುದು. ಅರ್ಜಿ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ, ಪರೀಕ್ಷೆ ಫೆಬ್ರವರಿ ಹೊತ್ತಿಗೆ. ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೂ ಹೆಣ್ಣುಮಕ್ಕಳಿಗೂ ಶುಲ್ಕ ಅರ್ಧ. ಎಸ್‌ಸಿ, ಎಸ್‌ಟಿಗೆ ಅರ್ಹತಾ ಅಂಕ ಸಾಮಾನ್ಯ ವರ್ಗದ ಮೂರನೇ ಎರಡರಷ್ಟು. ಸ್ಕೋರ್ ಮೂರು ವರ್ಷ ನಡೆಯುತ್ತೆ. ಐಐಟಿ, ಐಐಎಸ್‌ಸಿ, ಸುರತ್ಕಲ್ ಸಿಗದಿದ್ರೂ ಅರ್ಹತೆ ಬಂದಿದ್ರೆ ಕೆಇಎ ಮೂಲಕ ನಮ್ಮ ರಾಜ್ಯದ ಕಾಲೇಜಿಗೇ ಸೇರಬಹುದು. ಹಂಗೇ 371ಜೆ ಮರೀಬ್ಯಾಡ್ರಿ. ಕಲ್ಯಾಣ ಕರ್ನಾಟಕದೊಳಗಿನ ಕಾಲೇಜುಗಳಲ್ಲಿ ಶೇ 70, ಹೊರಗೆ ಶೇ 8 ಸೀಟು ನಮ್ಮ ಭಾಗಕ್ಕೆ. ಹರಪನಹಳ್ಳಿಯವರು 1997ರಲ್ಲಿ ದಾವಣಗೆರೆಗೆ ಸೇರಿ, ಬೀದಿಗಿಳಿದು ಹೋರಾಡಿ ಪಡೆದ ಹಕ್ಕು ಅದು. ಸರ್ಟಿಫಿಕೇಟ್ ಮಾಡಿಸಿ ಇಟ್ಕೊಳ್ರಿ.

ಸರ್ಟಿಫಿಕೇಟ್ ಅಂದಾಗ ಇನ್ನೊಂದು ಮಾತು. ದೇವದಾಸಿ ಪದ್ಧತಿ ನಿಷೇಧದ ಕಾಯ್ದೆ ಬಂದಿದ್ದು 1982ರಲ್ಲಿ. ಆ ತಾಯಂದಿರ ಮಕ್ಕಳು ನಮ್ಮ ತಾಲೂಕುಗಳಲ್ಲಿ ಇವತ್ತೂ ಓದ್ತಿದ್ದಾರೆ. ಜಾತಿ, ಆದಾಯ, ಸ್ಕಾಲರ್‌ಶಿಪ್, ಯಾವ ಅರ್ಜಿ ತೆಗೆದರೂ "ತಂದೆಯ ಹೆಸರು" ಅನ್ನೋ ಕಾಲಂ ಮುಂದೆ ಅವರು ನಿಲ್ಲಬೇಕು. ಅವ್ವನ ಹೆಸರೊಂದೇ ಸಾಕು ಅನ್ನೋದು ಪ್ರತಿ ಕೌಂಟರಿನಲ್ಲೂ ಜಾರಿ ಆಗಬೇಕು.

ಬಾಬಾಸಾಹೇಬರು 1913ರಲ್ಲಿ ಕೊಲಂಬಿಯಾಕ್ಕೆ ಹೋಗಿದ್ದು ಬರೋಡಾ ಸಂಸ್ಥಾನದ ಸ್ಕಾಲರ್‌ಶಿಪ್ ಮೇಲೆ. ತಿಂಗಳಿಗೆ ಹನ್ನೊಂದೂವರೆ ಪೌಂಡ್. 1915ರಲ್ಲಿ ಎಂಎ ಆಯ್ತು. ಅವರ ಪ್ರತಿಭೆ ಜೊತೆಗೆ ಆ ತಿಂಗಳ ಹಣವೂ ಇತ್ತು ಅನ್ನೋದನ್ನ ನಾವು ಮರೀತೀವಿ. ಹಣ ನಿಂತ್ರೆ ಏನಾಗುತ್ತೆ ಅಂತ ರೋಹಿತ್ ವೇಮುಲನ ಫೆಲೋಶಿಪ್ ನಿಂತಾಗ ಇಡೀ ದೇಶ ನೋಡಿದೆ. ಪಿಎಚ್‌ಡಿಯ ಜೆಆರ್‌ಎಫ್ 2019ರಲ್ಲಿ 31,000, 2023ರಲ್ಲಿ 37,000 ಆಯ್ತು. ಎಂಟೆಕ್‌ನ 12,400 ಆ ಎರಡೂ ಸಲ ಇದ್ದಲ್ಲೇ ಇತ್ತು.

ಅದಕ್ಕೆ ನಮ್ಮ ಒತ್ತಾಯ:

1. ಪಿಜಿಸಿಇಟಿ ಮೂಲಕ ಎಂಟೆಕ್ ಸೇರೋ ಎಸ್‌ಸಿ, ಎಸ್‌ಟಿ ಮಕ್ಕಳಿಗೂ ತಿಂಗಳಿಗೆ 12,400ಕ್ಕೆ ಸಮನಾದ ಭತ್ಯೆ. ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ 2013ರಿಂದ ಇದೆ. ಆ ಹಣ ಬೇರೆ ಬೇರೆ ಯೋಜನೆಗೆ ಹರಿದುಹೋಗೋದು ನಿಲ್ಲಲಿ, ಇಲ್ಲಿಗೆ ಬರಲಿ.

2. ಹಡಗಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಐದೂ ತಾಲೂಕಿನ ಮಕ್ಕಳಿಗೆ ಉಚಿತ ಗೇಟ್ ತರಬೇತಿ, ಊಟ-ವಸತಿ ಸಮೇತ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದಕ್ಕೆ ಹಣ ಕೊಡಲಿ.

3. ಸ್ಟೈಪೆಂಡ್ ಆಗಲಿ, ಸ್ಕಾಲರ್‌ಶಿಪ್ ಆಗಲಿ, ತಿಂಗಳ ಹಣ ಆ ತಿಂಗಳೇ ಬರಲಿ. ಮೆಸ್ ಬಿಲ್ ಯಾರಿಗೂ ಕಾಯಲ್ಲ.

ಇಷ್ಟಕ್ಕೂ ಈ ಓದಿನಲ್ಲಿ ನಮ್ಮೋರು ಯಾಕಿರಬೇಕು? ಮೊಬೈಲಿಗೆ ಕನ್ನಡ ಕಲಿಸೋ ಕೆಲಸ ಈಗ ನಡೆದಿದೆ. ಯಾವ ಕನ್ನಡ? ಕೂಡ್ಲಿಗಿಯ ಅವ್ವ ಮಾತಾಡಿದ್ರೆ ಅದಕ್ಕೆ ತಿಳೀಬೇಕಲ್ಲ? ಯಾವುದು ಮಾತು, ಯಾವುದು ಗದ್ದಲ ಅಂತ ತೀರ್ಮಾನ ಮಾಡೋ ಮೇಜಿನ ಸುತ್ತ ನಮ್ಮೋರು ಯಾರೂ ಇಲ್ಲದಿದ್ರೆ, ನಮ್ಮ ಮಾತು ಗದ್ದಲದ ಲೆಕ್ಕಕ್ಕೆ ಹೋಗುತ್ತೆ. ಸಾವಿರಾರು ವರ್ಷ ಅದೇ ಆಗಿದೆ.

ರಸ್ತೆ ಬದಿ ಕೇಬಲ್ ಗುಂಡಿ ತೋಡಿದ್ದು ನಮ್ಮ ಜನ. ಆ ಕೇಬಲ್‌ನೊಳಗೆ ಏನು ಹರೀಬೇಕು ಅಂತ ಹೇಳೋ ಹಕ್ಕೂ ನಮ್ಮ ಮಕ್ಕಳಿಗೆ ಬೇಕು.

ನಿಮ್ಮ ಕೇರೀಲಿ ಇಸಿ ಓದ್ತಿರೋ ಮಗು ಇದ್ರೆ ಈ ಪೋಸ್ಟ್ ಇವತ್ತೇ ತೋರಿಸ್ರಿ.

ಜೈಭೀಮ್.