ಸರ್ಟಿಫಿಕೇಟ್ ಸಿಕ್ಕ ಮೇಲೂ ಉಳಿಯೋರು ಯಾರು?

ಕಳೆದ ನವೆಂಬರ್‌ನಲ್ಲಿ ನಮ್ಮ ಕನ್ನಡ ಸಂಘ ಒಂದು ದಿನದ ವಿಕಿಪೀಡಿಯ ಕಾರ್ಯಾಗಾರ ಮಾಡಿದ್ದು ನಿಮಗೆ ನೆನಪಿರಬಹುದು. ಲ್ಯಾಬ್ ತುಂಬಿ, ಹಿಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಬೇಕಾಯ್ತು. 62 ಜನ ಹೊಸದಾಗಿ ಖಾತೆ ತೆರೆದರು. ಸಂಜೆ ಸರ್ಟಿಫಿಕೇಟ್, ಗ್ರೂಪ್ ಫೋಟೋ, ಬಿಸಿಬೇಳೆಬಾತ್. ಎಲ್ಲರೂ ಖುಷಿಯಾಗಿ ಮನೆಗೆ ಹೋದ್ವಿ.

ವಿಕಿಪೀಡಿಯದಲ್ಲಿ ಯಾವ ಖಾತೆಯಿಂದ ಯಾವಾಗ ಏನು ತಿದ್ದಿದ್ದಾರೆ ಅನ್ನೋದು ಎಲ್ಲರಿಗೂ ಕಾಣುತ್ತೆ. ಜನವರಿಯಲ್ಲಿ ನಾನು ಸುಮ್ನೆ ಕುತೂಹಲಕ್ಕೆ ಆ 62 ಖಾತೆಗಳನ್ನೂ ಒಂದೊಂದಾಗಿ ತೆಗೆದು ನೋಡಿದೆ. ಕಾರ್ಯಾಗಾರದ ದಿನ ಬಿಟ್ಟು ಮತ್ತೊಂದು ದಿನ ಒಂದಕ್ಷರವಾದರೂ ತಿದ್ದಿದವರು ನಾಲ್ಕೇ ಜನ. ಅದರಲ್ಲಿ ನಾನೂ ಒಬ್ಬ.

ಇದನ್ನ ಸಂಘದ ಮೀಟಿಂಗ್‌ನಲ್ಲಿ ಹೇಳಿದಾಗ ಬಂದ ಮೊದಲ ಉತ್ತರ, "ಈಗಿನವರಿಗೆ ಭಾಷಾಭಿಮಾನ ಇಲ್ಲ." ನನಗೆ ಈ ಮಾತು ಒಪ್ಪಿಗೆ ಇಲ್ಲ. ಯಾಕಂದ್ರೆ ಉಳಿದುಕೊಂಡ ನನಗೇನೂ ಬಿಟ್ಟು ಹೋದ 58 ಜನಕ್ಕಿಂತ ಜಾಸ್ತಿ ಅಭಿಮಾನ ಇರಲಿಲ್ಲ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ನನಗೆ ಪರೀಕ್ಷೆಯಲ್ಲಿ ಸೆಕೆಂಡ್ ಲ್ಯಾಂಗ್ವೇಜ್, ಮನೆಯಲ್ಲಿ ಮಾತಾಡೋ ಭಾಷೆ, ಅಷ್ಟೇ. ಇವತ್ತಿಗೂ ಒಂದು ಪ್ಯಾರಾ ಬರೆದರೆ ಎರಡು ಕಡೆ ಮಹಾಪ್ರಾಣ ತಪ್ಪಿರುತ್ತೆ. ಕಾರ್ಯಾಗಾರಕ್ಕೆ ನಾನು ಹೋಗಿದ್ದೂ ಆಕ್ಟಿವಿಟಿ ಪಾಯಿಂಟ್‌ಗೇ. ಸುಳ್ಳು ಯಾಕೆ ಹೇಳ್ಲಿ?

ಅದಕ್ಕೇ "58 ಜನ ಯಾಕೆ ಹೋದರು" ಅಂತ ಕೇಳೋದಕ್ಕಿಂತ "ನಾಲ್ಕು ಜನ ಯಾಕೆ ಉಳಿದರು" ಅಂತ ಕೇಳಿದರೆ ನಮಗೆ ಜಾಸ್ತಿ ಉಪಯೋಗ ಅಂತ ನನ್ನ ಅಭಿಪ್ರಾಯ.

ಮೊದಲು ಈ ಜಾಗ ಎಷ್ಟು ಚಿಕ್ಕದು ಅಂತ ಗೊತ್ತಿರಲಿ. ಇಂಗ್ಲಿಷ್ ವಿಕಿಪೀಡಿಯ ಶುರುವಾಗಿದ್ದು 2001ರ ಜನವರಿಯಲ್ಲಿ. ಕನ್ನಡದ್ದು 2003ರಲ್ಲಿ, ಅಂದ್ರೆ ಈ ಲೇಖನ ಓದುತ್ತಿರೋ ತುಂಬಾ ಜನಕ್ಕಿಂತ ಅದು ವಯಸ್ಸಲ್ಲಿ ದೊಡ್ಡದು. ಇಂಗ್ಲಿಷ್‌ನಲ್ಲಿ ಲೇಖನಗಳ ಸಂಖ್ಯೆ 60 ಲಕ್ಷ ದಾಟಿ ಎಷ್ಟೋ ಕಾಲ ಆಯ್ತು. ಕನ್ನಡದಲ್ಲಿ 30 ಸಾವಿರದ ಮೇಲೆ ಇವೆ. 2011ರ ಜನಗಣತಿ ಪ್ರಕಾರ ಕನ್ನಡ ಮಾತೃಭಾಷೆ ಅಂತ ಹೇಳಿದವರು 4 ಕೋಟಿ 37 ಲಕ್ಷ ಜನ. ಆದರೆ ತಿಂಗಳು ತಿಂಗಳು ಬಿಡದೆ ಬರೆಯೋರನ್ನ ಒಟ್ಟು ಸೇರಿಸಿದರೆ ನಮ್ಮ ಕಾಲೇಜಿನ ಒಂದೆರಡು ಬಸ್ ತುಂಬಬಹುದೇನೋ. ಯಾರಿಗೂ ಸಂಬಳ ಇಲ್ಲ. ಲೇಖನದ ಮೇಲೆ ಹೆಸರೂ ಬರಲ್ಲ. ಅವರೆಲ್ಲ ಸೇರಿ ಮಾತಾಡೋ ಪುಟಕ್ಕೆ ಅಲ್ಲಿ 'ಅರಳಿ ಕಟ್ಟೆ' ಅಂತ ಹೆಸರು. ಊರಿನ ಅರಳಿ ಕಟ್ಟೆ ತರಾನೇ. ದಿನಾ ಕೂರೋ ಮುಖಗಳು ಕಡಿಮೆ, ಎಲ್ಲರಿಗೂ ಎಲ್ಲರೂ ಗೊತ್ತು.

ಇಷ್ಟು ಚಿಕ್ಕ ಜಾಗದಲ್ಲಿ ನಾನು ಹೇಗೆ ಉಳಿದುಕೊಂಡೆ ಅಂತ ಹೇಳ್ತೀನಿ.

ನಮ್ಮಜ್ಜಿ ಊರು ಮಳವಳ್ಳಿ ತಾಲೂಕಿನಲ್ಲಿದೆ. ಕಾರ್ಯಾಗಾರದ ದಿನ ಏನು ಬರೀಬೇಕು ಅಂತ ತೋಚದೆ ಆ ಊರಿನ ಹೆಸರು ಹುಡುಕಿದೆ. ಮೂರು ಸಾಲಿನ ಒಂದು ಚುಟುಕು ಲೇಖನ ಇತ್ತು. ಅಜ್ಜಿ ಹೇಳುತ್ತಿದ್ದ ಕೆರೆ ಕಥೆ, ಊರ ಮುಂದಿನ ಅಕ್ಷರ ಕೆತ್ತಿದ ಕಲ್ಲು, ಹಬ್ಬದ ವಿಷಯ ಎಲ್ಲಾ ಸೇರಿಸಿ ಒಂದು ಪುಟ ಟೈಪ್ ಮಾಡಿದೆ. ಅರ್ಕಾವತ್ತು ಹೇಗೆ ಹಾಕೋದು ಅಂತ ಪಕ್ಕದವನನ್ನ ಹತ್ತು ಸಲ ಕೇಳಿರಬೇಕು. ಎರಡು ದಿನ ಬಿಟ್ಟು ನೋಡಿದರೆ ನಾನು ಬರೆದದ್ದರಲ್ಲಿ ಮುಕ್ಕಾಲು ಭಾಗ ಇರಲಿಲ್ಲ. ಬೇಜಾರಾಯ್ತು, ನಿಜ. ಆದರೆ ತಪ್ಪು ನನ್ನದೇ. ವಿಶ್ವಕೋಶದಲ್ಲಿ ಬರೆಯೋದಕ್ಕೆ ಅಚ್ಚಾದ ಆಧಾರ ಬೇಕು, ನಾನು ಒಂದೂ ಕೊಟ್ಟಿರಲಿಲ್ಲ.

ಅವತ್ತೇ ನಾನೂ ಬಿಟ್ಟು ಹೋಗಿ 59ನೆಯವನು ಆಗ್ತಿದ್ದೆ. ಆದರೆ ನನ್ನ ಚರ್ಚೆ ಪುಟದಲ್ಲಿ ಒಂದು ಸಂದೇಶ ಇತ್ತು. ತಾನೇ ತಾನಾಗಿ ಬರೋ ಸ್ವಾಗತ ಸಂದೇಶ ಅಲ್ಲ, ಒಬ್ಬ ಮನುಷ್ಯ ಕೂತು ಬರೆದದ್ದು. ಸಾರಾಂಶ ಇಷ್ಟು: ನೀವು ಬರೆದ ಶಾಸನದ ಕಲ್ಲಿನ ವಿಷಯ ಚೆನ್ನಾಗಿದೆ, ಆದರೆ ಆಧಾರ ಇಲ್ಲದೆ ಉಳಿಸೋಕೆ ಆಗಲ್ಲ. ಮಳವಳ್ಳಿ ತಾಲೂಕಿನ ಶಾಸನಗಳು 'ಎಪಿಗ್ರಾಫಿಯಾ ಕರ್ನಾಟಿಕ'ದ ಮೂರನೇ ಸಂಪುಟದಲ್ಲಿ ಇವೆ, ನಿಮ್ಮೂರಿನದ್ದು ಇದೆಯಾ ನೋಡಿ, ಸಿಕ್ಕರೆ ನನಗೂ ತಿಳಿಸಿ.

ಬಿ.ಎಲ್. ರೈಸ್ ಅನ್ನೋ ಹೆಸರು ನಾನು ಕೇಳಿದ್ದೇ ಅವತ್ತು ಮೊದಲು. ನೂರು ವರ್ಷಕ್ಕೂ ಹಿಂದೆ ಹಳೇ ಮೈಸೂರು ಸೀಮೆಯ ಸಾವಿರಾರು ಶಾಸನಗಳನ್ನ ತಾಲೂಕುವಾರು ಸಂಗ್ರಹಿಸಿ ಪ್ರಕಟಿಸಿದವರು ಅವರು. ಆ ಸಂಪುಟಗಳು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಇಂಟರ್ನಲ್ಸ್ ಮುಂದಿಟ್ಟುಕೊಂಡು ಎರಡು ರಾತ್ರಿ ಅದನ್ನೇ ತಿರುವಿ ಹಾಕಿದೆ. ಊರು ಸಿಕ್ಕಿತು! ಕಲ್ಲೂ ಸಿಕ್ಕಿತು! ಭೂಮಿ ದಾನ ಕೊಟ್ಟ ವಿಷಯ. ಅಜ್ಜಿ ದಾರೀಲಿ ಹೋಗ್ತಾ ಬರ್ತಾ ಕೈ ಮುಗಿಯುತ್ತಿದ್ದ ಕಲ್ಲು ಅದು. ಪುಟಸಂಖ್ಯೆ ಸಮೇತ ಎರಡೇ ಸಾಲು ಬರೆದೆ. ಈ ಸಲ ಯಾರೂ ತೆಗೆಯಲಿಲ್ಲ. ಮಾರನೇ ದಿನ 'ಧನ್ಯವಾದ' ಅಂತ ಒಂದು ನೋಟಿಫಿಕೇಶನ್ ಬಂತು. ಅವತ್ತಿಂದ ಇವತ್ತಿನವರೆಗೂ ಬಿಟ್ಟಿಲ್ಲ.

ಉಳಿದ ಮೂವರನ್ನೂ ಕ್ಯಾಂಟೀನ್‌ನಲ್ಲಿ ಕೂರಿಸಿ ಕೇಳಿದೆ. ಫಸ್ಟ್ ಇಯರ್‌ನ ಒಬ್ಬಳು ಹಕ್ಕಿ ಫೋಟೋ ತೆಗೆದು ವಿಕಿಮೀಡಿಯ ಕಾಮನ್ಸ್‌ಗೆ ಹಾಕ್ತಾಳೆ. ಅವಳ ಒಂದು ಫೋಟೋವನ್ನ ಯಾರೋ ತಮಿಳು ಲೇಖನವೊಂದರಲ್ಲಿ ಬಳಸಿದ್ದನ್ನ ನೋಡಿ ಹುಚ್ಚು ಹಿಡೀತಂತೆ. ಇನ್ನೊಬ್ಬ ಲೇಖನವನ್ನೇ ಬರೆಯಲ್ಲ, ಬಸ್ಸಿನಲ್ಲಿ ಬರ್ತಾ ಮೊಬೈಲ್‌ನಲ್ಲಿ ಕಾಗುಣಿತ ತಪ್ಪು ತಿದ್ದೋದು ಮಾತ್ರ. ಅವನ ಐವತ್ತನೇ ತಿದ್ದುಪಡಿ ಹೊತ್ತಿಗೆ ಯಾರೋ "ನಿಮ್ಮ ಕಣ್ಣು ಚುರುಕಾಗಿದೆ" ಅಂತ ಬರೆದರಂತೆ. ಥರ್ಡ್ ಇಯರ್ ಸೀನಿಯರ್ ಒಬ್ಬರು ರೆಸಿಸ್ಟರಿಗೆ 'ರೋಧಕ' ಅಂತ ಬರೀಬೇಕಾ, 'ರೆಸಿಸ್ಟರ್' ಅಂತಲೇ ಬಿಡಬೇಕಾ ಅಂತ ಒಬ್ಬ ನಿವೃತ್ತ ಮೇಷ್ಟ್ರ ಜೊತೆ ಒಂದು ವಾರ ವಾದ ಮಾಡಿ, ಸೋತು, ಅವರಿಗೇ ಶಿಷ್ಯರಾಗಿಬಿಟ್ಟಿದ್ದಾರೆ.

ನಾಲ್ಕು ಕಥೆಯಲ್ಲೂ ಒಂದೇ ವಿಷಯ. ನಾವು ಮಾಡಿದ ಸಣ್ಣ ಕೆಲಸವನ್ನ ಇನ್ನೊಬ್ಬ ಮನುಷ್ಯ ನಿಜವಾಗಿ ನೋಡಿದ. "ಸೂಪರ್" ಅಂತ ಒಂದು ಲೈಕ್ ಒತ್ತಿದ್ದಲ್ಲ, ಓದಿ ಏನೋ ಒಂದು ಹೇಳಿದ, ಬಳಸಿದ, ಇಲ್ಲಾ ಜಗಳ ಆಡಿದ. ಜಗಳ ಆದರೂ ಪರವಾಗಿಲ್ಲ, ಯಾರೂ ಏನೂ ಹೇಳದೆ ಇದ್ದರೆ ಮಾತ್ರ ಜನ ಹೊರಟು ಹೋಗ್ತಾರೆ. ಆ 58 ಜನರಲ್ಲಿ ಐದಾರು ಜನರನ್ನ ಕೇಳಿದೆ. "ಬರೆದ್ವಿ, ಆಮೇಲೆ ಏನಾಯ್ತೋ ಗೊತ್ತಿಲ್ಲ" ಅಂದರು. ಅವರಿಗೆ ಸಿಕ್ಕಿದ್ದು ಸರ್ಟಿಫಿಕೇಟ್, ಉತ್ತರ ಅಲ್ಲ.

"ಅಷ್ಟೆಲ್ಲಾ ಕಷ್ಟ ಯಾಕೋ? ಚಾಟ್‌ಜಿಪಿಟಿ ಕೈಲಿ ಸಾವಿರ ಲೇಖನ ಬರೆಸಿ ಹಾಕಿದ್ರೆ ಮುಗೀತಲ್ಲ" ಅಂತ ನನ್ನ ರೂಮ್‌ಮೇಟ್ ಕೇಳಿದ. ಇದಕ್ಕೆ ಉತ್ತರ ಕನ್ನಡ ವಿಕಿಪೀಡಿಯದ ಇತಿಹಾಸದಲ್ಲೇ ಇದೆ. 2010ರ ಸುಮಾರಿಗೆ ಗೂಗಲ್ ತನ್ನ ಅನುವಾದ ಸಾಧನ ಕೊಟ್ಟು, ಹಣ ಕೊಟ್ಟು ಅನುವಾದಕರನ್ನ ಇಟ್ಟು, ಇಂಗ್ಲಿಷ್ ಲೇಖನಗಳನ್ನ ಕನ್ನಡ ಸೇರಿದಂತೆ ಭಾರತದ ಕೆಲವು ಭಾಷೆಗಳಿಗೆ ತಂದು ಹಾಕಿಸಿತ್ತು. ಉದ್ದುದ್ದ ಲೇಖನಗಳು. ಆದರೆ ಓದಿದರೆ ಎಷ್ಟೋ ಕಡೆ ವಾಕ್ಯ ಕನ್ನಡದ ಹಾಗೇ ಇರಲ್ಲ. ಬಂಗಾಳಿ ವಿಕಿಪೀಡಿಯದವರು ಇಂಥ ಲೇಖನ ಬೇಡ ಅಂತಲೇ ಹೇಳಿದರು. ಯೋಜನೆ ಮುಗಿದ ಮೇಲೆ ಅನುವಾದಕರು ಹೋದರು, ತಿದ್ದೋ ಕೆಲಸ ಮಾತ್ರ ಇದ್ದ ಕೆಲವೇ ಜನರ ತಲೆ ಮೇಲೆ ಬಿತ್ತು. ಲೇಖನ ಬಂತು, ಬರೆಯುವವರು ಬರಲಿಲ್ಲ. ಸಾವಿರ ಲೇಖನ ಬೇಕಿದ್ದರೆ ಯಂತ್ರ ಸಾಕು. ನಾಳೆ ಅವನ್ನ ಓದಿ "ಇದು ತಪ್ಪು" ಅನ್ನೋಕೆ ಜನ ಬೇಕು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮ ರಾಜ್ಯದಲ್ಲೇ ಇದೆ. ತುಳು ವಿಕಿಪೀಡಿಯ ವರ್ಷಗಟ್ಟಲೆ ಇನ್‌ಕ್ಯುಬೇಟರ್ ಅನ್ನೋ ಪ್ರಯೋಗದ ಜಾಗದಲ್ಲೇ ಇತ್ತು. ಅಲ್ಲಿಂದ ಹೊರಬರೋಕೆ ಲೇಖನ ಇದ್ದರೆ ಮಾತ್ರ ಸಾಲದು, ಬಿಡದೆ ಬರೆಯೋ ಜನ ಇದ್ದಾರೆ ಅಂತ ತಿಂಗಳುಗಟ್ಟಲೆ ತೋರಿಸಬೇಕು. ತುಳುವರು ತೋರಿಸಿದರು, 2016ರಲ್ಲಿ ಅದು ಸ್ವಂತ ವಿಕಿಪೀಡಿಯ ಆಯ್ತು.

ಹಾಗಾದ್ರೆ ನಾವು ಏನು ಮಾಡಬಹುದು? ನಾನು ಸಂಘದ ಮುಂದೆ ಇಡೋದು ನಾಲ್ಕು ಮಾತು.

ಒಂದು, ಮುಂದಿನ ಸಲ 62 ಜನ ಬೇಡ, ಹತ್ತು ಜನ ಸಾಕು. ಉಳಿದಿರೋ ನಾವು ನಾಲ್ಕು ಜನ ತಲಾ ಎರಡು ಮೂರು ಜನಕ್ಕೆ ಜೊತೆಗಾರರಾಗೋಣ. ಜೊತೆಗಾರನ ಕೆಲಸ ಇಷ್ಟೇ: ಅವರು ಏನು ತಿದ್ದಿದರೂ ಎರಡು ದಿನದೊಳಗೆ ನೋಡಿ, ಅದರ ಬಗ್ಗೆ ಒಂದು ವಾಕ್ಯ ಬರೆಯೋದು. "ಗುಡ್" ಅಲ್ಲ, "ಎರಡನೇ ಸಾಲಿನ ಇಸವಿ ಎಲ್ಲಿಂದ ಸಿಕ್ಕಿತು?" ಅನ್ನೋ ತರ. ನಾಲ್ಕು ವಾರ ಮಾಡಿದರೆ ಸಾಕು.

ಎರಡು, ಮೊದಲ ದಿನವೇ ಲೇಖನ ಬರೆಸೋದು ಬೇಡ. ಅರ್ಧ ಗಂಟೆ ಟೈಪಿಂಗ್, ಆಮೇಲೆ ಸಣ್ಣ ಕೆಲಸ. ಅವರವರ ಊರಿನ ಲೇಖನಕ್ಕೆ ಒಂದು ಫೋಟೋ, ಒಂದು ಆಧಾರ, ಒಂದು ಕಾಗುಣಿತ. ನಾನು ಒಂದು ಪುಟ ಬರೆದು ಕಳೆದುಕೊಂಡೆ, ಎರಡು ಸಾಲು ಬರೆದು ಉಳಿದುಕೊಂಡೆ.

ಮೂರು, ಕಾರ್ಯಕ್ರಮಕ್ಕೆ ಮೊದಲು ಅರಳಿ ಕಟ್ಟೆಯಲ್ಲಿ ಒಂದು ಮಾತು ಹೇಳೋಣ. ನಾವು ಒಂದೇ ಮಧ್ಯಾಹ್ನ 62 ಜನರಿಂದ ಬರೆಸಿದರೆ, ನಮ್ಮ ಅಪ್ಪ-ಅಮ್ಮನ ವಯಸ್ಸಿನ ಯಾರೋ ನಾಲ್ಕೈದು ಜನ ರಾತ್ರಿ ಎಲ್ಲಾ ಕೂತು ಅದನ್ನ ತಿದ್ದಬೇಕು. ಹೊಸಬರನ್ನ ಉಳಿಸೋದು ಎಷ್ಟು ಮುಖ್ಯವೋ, ಹಳಬರು ಸುಸ್ತಾಗಿ ಎದ್ದು ಹೋಗದೆ ಇರೋದೂ ಅಷ್ಟೇ ಮುಖ್ಯ.

ನಾಲ್ಕು, ಸರ್ಟಿಫಿಕೇಟ್ ಕೊಡೋದೇ ಆದರೆ ತಿಂಗಳು ಕಳೆದ ಮೇಲೆ ಕೊಡೋಣ. ಪಾಯಿಂಟ್ ಜನರನ್ನ ಬಾಗಿಲವರೆಗೂ ಕರ್ಕೊಂಡು ಬರುತ್ತೆ, ನನ್ನನ್ನೂ ಕರ್ಕೊಂಡು ಬಂತು. ಅದನ್ನ ಬೈಯಲ್ಲ. ಆದರೆ ಒಳಗೆ ಕೂರಿಸೋ ಕೆಲಸ ಅದರ ಕೈಲಿ ಆಗಲ್ಲ.

ಇದರಲ್ಲಿ ಒಂದು ತೊಂದರೆ ಇದೆ ಅಂತ ನನಗೂ ಗೊತ್ತು. ವಾರ್ಷಿಕ ವರದಿಯಲ್ಲಿ "62 ವಿದ್ಯಾರ್ಥಿಗಳು ಭಾಗವಹಿಸಿದರು" ಅಂತ ಬರೆದರೆ ಚೆಂದ ಕಾಣುತ್ತೆ. "10" ಅಂತ ಬರೆದರೆ ಕಾಣಲ್ಲ. ಫೋಟೋದಲ್ಲೂ ಖಾಲಿ ಖಾಲಿ. ಆದರೆ ಆ 62ರಲ್ಲಿ ಉಳಿದದ್ದು ನಾಲ್ಕು. ಹತ್ತರಲ್ಲಿ ಐದು ಜನ ಉಳಿದರೂ ನಾವು ಗೆದ್ದ ಹಾಗೆ. ವರದಿಯಲ್ಲಿ ಬಂದವರ ಲೆಕ್ಕದ ಪಕ್ಕದಲ್ಲೇ ಮೂರು ತಿಂಗಳ ನಂತರ ಉಳಿದವರ ಲೆಕ್ಕವನ್ನೂ ಬರೆಯೋಣ. ಈ ವರ್ಷದ್ದು ಬರೆಯೋಕೆ ನಾಚಿಕೆ ಆಗುತ್ತೆ, ಆಗಲಿ.

ಸಂಕ್ರಾಂತಿಗೆ ಊರಿಗೆ ಹೋದಾಗ ಅಜ್ಜಿಗೆ ಮೊಬೈಲ್‌ನಲ್ಲಿ ಆ ಲೇಖನ ಓದಿ ಹೇಳಿದೆ. "ನಮ್ಮೂರ್ನೂ ಹಾಕವ್ರಾ ಮಗ?" ಅಂತ ಖುಷಿಪಟ್ಟರು. ಆಮೇಲೆ ಒಂದು ನಿಮಿಷ ಸುಮ್ಮನಿದ್ದು, "ಆದ್ರೆ ಆ ಕಲ್ಲು ಈಗೆಲ್ಲೈತೆ? ರಸ್ತೆ ಅಗಲ ಮಾಡ್ದಾಗ್ಲೇ ಮಣ್ಣಲ್ಲಿ ಹೂತೋಯ್ತಲ್ಲ" ಅಂದರು. ನನಗೆ ಗೊತ್ತೇ ಇರಲಿಲ್ಲ. ಲೇಖನದಲ್ಲಿ 'ಇದೆ' ಅಂತ ಬರೆದಿದ್ದೆ. ಅಜ್ಜಿ ಹೇಳಿದ್ದಕ್ಕೆ ಅಚ್ಚಾದ ಆಧಾರ ಇಲ್ಲ, ಹಾಗಾಗಿ ಲೇಖನಕ್ಕೆ ಹಾಕೋ ಹಾಗಿಲ್ಲ. 'ಇದೆ' ಅನ್ನೋದನ್ನ ತೆಗೆದು, 'ರೈಸ್ ಅವರ ಸಂಪುಟದಲ್ಲಿ ದಾಖಲಾಗಿದೆ' ಅಂತ ಮಾಡಿದೆ. ಅಜ್ಜಿ ಹೇಳಿದ್ದನ್ನ ಆ ಲೇಖನದ ಚರ್ಚೆ ಪುಟದಲ್ಲಿ ಬರೆದಿಟ್ಟಿದ್ದೀನಿ.

ಇನ್ನೂ ಯಾರೂ ಉತ್ತರ ಬರೆದಿಲ್ಲ. ದಿನಕ್ಕೊಂದು ಸಲ ಹೋಗಿ ನೋಡ್ತೀನಿ. ನಿಮ್ಮಲ್ಲಿ ಯಾರಾದರೂ ಮಳವಳ್ಳಿ ಕಡೆಯವರಿದ್ದರೆ, ಬುಧವಾರ ಲ್ಯಾಬ್ ಮುಗಿದ ಮೇಲೆ ಸಂಘದ ರೂಮಿಗೆ ಬನ್ನಿ. ನಾವು ನಾಲ್ಕು ಜನ ಅಲ್ಲೇ ಇರ್ತೀವಿ.