ಅಕ್ಷರವೊಂದೇ, ತೀರ್ಪುಗಳೆರಡು

ರಾಜ್ಯಘಟನೆಯಲ್ಲಿ ಹಕ್ಕುಗಳನ್ನು ಬರೆದಿಟ್ಟೊಡನೆ ಜನತೆಯ ಕಾರ್ಯವು ಮುಗಿಯಿತೆಂಬ ಭಾವನೆಯು ಸುಶಿಕ್ಷಿತರಲ್ಲಿಯೂ ಬೇರೂರಿದೆ. ಈ ಭ್ರಾಂತಿಯನ್ನು ನೀಗಿಸಲು ಅಮೇರಿಕದ ನ್ಯಾಯಾಲಯಗಳ ಇತಿಹಾಸವೊಂದೇ ಸಾಕೆಂದು ನಾವು ಬಗೆಯುತ್ತೇವೆ.

ಅಲ್ಲಿಯ ಅಂತರ್ಯುದ್ಧವು ಮುಗಿದ ವರ್ಷವೇ, 1865ರಲ್ಲಿ, ಗುಲಾಮಗಿರಿಯು ರದ್ದಾಯಿತು. 1868ರಲ್ಲಿ ಘಟನೆಗೆ ಸೇರಿದ 14ನೆಯ ತಿದ್ದುಪಡಿಯು, ಯಾವ ಸಂಸ್ಥಾನವೂ ಯಾವ ವ್ಯಕ್ತಿಗೂ ಕಾಯಿದೆಯ ಸಮಾನ ರಕ್ಷಣೆಯನ್ನು ನಿರಾಕರಿಸಲಾಗದೆಂದು ಸಾರಿತು. ಇದಕ್ಕಿಂತ ಸ್ಪಷ್ಟವಾದ ಮಾತು ಇನ್ನೇನಿರಬೇಕು? ಆದರೂ 1890ರಲ್ಲಿ ಲೂಯಿಸಿಯಾನಾ ಸಂಸ್ಥಾನವು ಬಿಳಿಯರಿಗೂ ಕರಿಯರಿಗೂ ರೈಲಿನಲ್ಲಿ ಬೇರೆ ಬೇರೆ ಡಬ್ಬಿಗಳನ್ನು ವಿಧಿಸಿತು. ಆ ಕಾಯಿದೆಯನ್ನು ಪರೀಕ್ಷೆಗೊಡ್ಡಬೇಕೆಂದೇ ಹೋಮರ್ ಪ್ಲೆಸಿ ಎಂಬವರು 1892ರಲ್ಲಿ ಬಿಳಿಯರ ಡಬ್ಬಿಯಲ್ಲಿ ಕುಳಿತು ಸೆರೆಯಾದರು. 1896ರಲ್ಲಿ ವರಿಷ್ಠ ನ್ಯಾಯಾಲಯದ ಏಳು ಮಂದಿ ನ್ಯಾಯಮೂರ್ತಿಗಳು, ಬೇರ್ಪಡಿಸಿದ ಮಾತ್ರಕ್ಕೆ ಅಸಮಾನತೆಯಾಗದು, ಅದರಲ್ಲಿ ಹೀನಾಯವನ್ನು ಕಾಣುವುದು ಕರಿಯರ ಕಲ್ಪನೆಯಷ್ಟೇ ಎಂದು ತೀರ್ಪಿತ್ತರು. ಜಾನ್ ಮಾರ್ಶಲ್ ಹಾರ್ಲನ್‌ರೊಬ್ಬರೇ, ಘಟನೆಯು ಬಣ್ಣವನ್ನರಿಯದೆಂದು ಭಿನ್ನಮತವನ್ನು ಬರೆದಿಟ್ಟರು.

1954ರ ಮೇ 17ರಂದು ಅದೇ ನ್ಯಾಯಾಲಯವು, ಸರಕಾರೀ ಶಾಲೆಗಳಲ್ಲಿ ಮಕ್ಕಳನ್ನು ಬಣ್ಣದ ಮೇಲಿಂದ ಬೇರ್ಪಡಿಸುವುದೇ ಅಸಮಾನತೆಯೆಂದು ಒಂಬತ್ತು ಮಂದಿಯ ಏಕಮತದಿಂದ ನಿರ್ಣಯಿಸಿತು. ತಿದ್ದುಪಡಿಯ ಒಂದಕ್ಷರವೂ ಬದಲಾಗಿರಲಿಲ್ಲ. ಹಾಗಾದರೆ ಬದಲಾದುದಾವುದು?

ನಡುವಿನ 58 ವರ್ಷಗಳ ದುಡಿಮೆಯೇ ಇದಕ್ಕೆ ಉತ್ತರ. ಚಾರ್ಲ್ಸ್ ಹ್ಯಾಮಿಲ್ಟನ್ ಹೌಸ್ಟನ್, ಅವರ ಶಿಷ್ಯ ಥರ್ಗುಡ್ ಮಾರ್ಶಲ್ ಮೊದಲಾದ ಕರಿಯ ವಕೀಲರು ಕೋಟೆಗೆ ಒಮ್ಮೆಲೇ ಲಗ್ಗೆ ಹಾಕಲಿಲ್ಲ. 'ಬೇರೆಯಾದರೂ ಸಮಾನ'ವೆನ್ನುವಿರಾದರೆ ಆ ಸಮಾನತೆಯನ್ನು ತೋರಿಸಿರೆಂದು ಎದುರಾಳಿಯ ಮಾತನ್ನೇ ಹಿಡಿದು ಕೇಳಿದರು. ಮಿಸೌರಿ ಸಂಸ್ಥಾನವು ಕರಿಯ ವಿದ್ಯಾರ್ಥಿಗೆ ಹಣ ಕೊಟ್ಟು ಪರಸಂಸ್ಥಾನದಲ್ಲಿ ಕಾಯಿದೆಯನ್ನೋದಲು ಕಳುಹುತ್ತೇನೆಂದಾಗ, ತನ್ನ ಗಡಿಯೊಳಗೇ ಅನುಕೂಲ ಮಾಡಿಕೊಡಬೇಕೆಂದು 1938ರಲ್ಲಿ ತೀರ್ಪಾಯಿತು. ಟೆಕ್ಸಾಸು ಅವಸರದಿಂದ ಬೇರೊಂದು ಕಾಯಿದೆ ಶಾಲೆಯನ್ನು ತೆರೆದಾಗ, ಕೀರ್ತಿ ಪರಂಪರೆಗಳಿಲ್ಲದ ಆ ಶಾಲೆಯು ಸಮಾನವಲ್ಲವೆಂದು 1950ರಲ್ಲಿ ತೀರ್ಪಾಯಿತು. ಹೀಗೆ ಒಂದೊಂದೇ ಕಲ್ಲು ಕಳಚಿದ ಮೇಲೆಯೇ ಗೋಡೆಯು ಬಿದ್ದಿತು.

ಆದರೆ ತೀರ್ಪು ತಾನಾಗಿಯೇ ಜಾರಿಗೆ ಬಾರದು. 1957ರಲ್ಲಿ ಲಿಟಲ್ ರಾಕ್ ನಗರದ ಶಾಲೆಯೊಂದಕ್ಕೆ ಒಂಬತ್ತು ಮಂದಿ ಕರಿಯ ಮಕ್ಕಳನ್ನು ಸೇರಿಸಲು ಅಧ್ಯಕ್ಷ ಐಸೆನ್‌ಹೋವರರು ಸೈನ್ಯವನ್ನೇ ಕಳುಹಬೇಕಾಯಿತು. ದೊರೆತ ಹಕ್ಕು ಶಾಶ್ವತವಾಗಿ ನಿಲ್ಲುವುದೆಂಬ ಭರವಸೆಯೂ ಇಲ್ಲ. ಚುನಾವಣೆಯ ನಿಯಮಗಳನ್ನು ಬದಲಿಸುವ ಮೊದಲು ಯಾವ ಯಾವ ಪ್ರದೇಶಗಳು ಕೇಂದ್ರದ ಒಪ್ಪಿಗೆಯನ್ನು ಪಡೆಯಬೇಕೆಂದು ಗೊತ್ತುಪಡಿಸುತ್ತಿದ್ದ, 1965ರ ಮತದಾನದ ಹಕ್ಕಿನ ಕಾಯಿದೆಯ ಕಲಮನ್ನು 2013ರಲ್ಲಿ ಅದೇ ನ್ಯಾಯಾಲಯವು ಐವರ ಬಹುಮತದಿಂದ ರದ್ದುಪಡಿಸಿತು, ನಾಲ್ವರು ವಿರೋಧಿಸಿದರು.

'ಕಾಯಿದೆಯ ಸಮಾನ ರಕ್ಷಣೆ'ಯೆಂಬ ಅಮೇರಿಕದ ಆ ಮಾತು ನಮ್ಮ ದೇಶದ ರಾಜ್ಯಘಟನೆಯ 14ನೆಯ ಕಲಮಿನಲ್ಲಿಯೂ ಇದೆ. ಅದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಶಿಕ್ಷಕರು ಪ್ಲೆಸಿಯವರ ಸೋಲನ್ನೂ ಮಾರ್ಶಲ್ಲರ ದೀರ್ಘೋದ್ಯೋಗವನ್ನೂ ಜೊತೆಗೇ ಹೇಳಲಿ. ನ್ಯಾಯಾಸನವು ಎಂದಿಗೂ ಪೂಜ್ಯವೇ. ಆದರೆ ಎಚ್ಚರವಿಲ್ಲದ ಜನತೆಗೆ ಅದು ತಾನಾಗಿ ಹಕ್ಕನ್ನು ತಂದುಕೊಡದು. ಬರೆದ ಅಕ್ಷರಕ್ಕೆ ಜೀವ ತುಂಬುವವರು ಅದನ್ನು ಬಿಡದೆ ಕೇಳುವವರೇ.